ಒಂದು ಚೀಲ ಭತ್ತದ ತೂಕ

ನನ್ನ ಕಿಡ್ನಿ ನನ್ನ ತಂಗಿಗೆ ಹೊಂದುತ್ತದೆ ಎಂದು ತಿಳಿದ ದಿನವೇ, ಅದನ್ನು ತೆಗೆಯಲಾಗದಷ್ಟು ನಾನು ದಪ್ಪಗಿದ್ದೇನೆ ಎಂದೂ ತಿಳಿಯಿತು. ಬೆಂಗಳೂರಿನ ಆಸ್ಪತ್ರೆಯ ಡಾಕ್ಟರು ಕಂಪ್ಯೂಟರಿನಿಂದ ಮುಖ ತೆಗೆಯದೆ, "ಎಂಬತ್ನಾಲ್ಕು ಕಿಲೋ ಇದ್ದೀರಿ. ಎಪ್ಪತ್ತೈದಕ್ಕೆ ಇಳಿದು ಬನ್ನಿ. ಅದಕ್ಕಿಂತ ಹೆಚ್ಚಿದ್ದರೆ ನಿಮ್ಮ ಜೀವಕ್ಕೇ ತೊಂದರೆ, ನಾವು ಕೈ ಹಾಕುವುದಿಲ್ಲ," ಎಂದರು. ಮೂರು ತಿಂಗಳು ಬಿಟ್ಟು ಬರಲು ಚೀಟಿ ಬರೆದುಕೊಟ್ಟರು. ಹೆದರಿಕೆ ಇದೆಯೇ ಎಂದು ಕೇಳಿದ್ದಕ್ಕೆ ಇಲ್ಲ ಎಂದೆ.

ತಂಗಿ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಅವಳನ್ನು ಸಂಡೂರಿಗೆ ಕೊಟ್ಟಿದ್ದೇವೆ. ಎರಡೂ ಕಿಡ್ನಿ ಕೈಕೊಟ್ಟು ಆಗಲೇ ಒಂದೂವರೆ ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಬಸ್ಸು ಹತ್ತಿ ಹೊಸಪೇಟೆಗೆ ಬಂದು, ಡಯಾಲಿಸಿಸ್ ಮಾಡಿಸಿಕೊಂಡು, ನಮ್ಮ ಮನೆಯಲ್ಲಿ ಸಂಜೆಯ ತನಕ ಮಲಗಿ, ಮತ್ತೆ ಬಸ್ಸು ಹತ್ತುತ್ತಿದ್ದಳು. ಅವಳ ಗಂಡನ ರಕ್ತದ ಗುಂಪು ಹೊಂದಲಿಲ್ಲ. ಕಂಪ್ಲಿಯಲ್ಲಿರುವ ನಮ್ಮ ತಮ್ಮನಿಗೆ ಸಕ್ಕರೆ ಕಾಯಿಲೆ. ಅಪ್ಪ, ಅವ್ವ ಇಬ್ಬರೂ ಇಲ್ಲ. ಉಳಿದವಳು ನಾನೊಬ್ಬಳೇ, ಅದೂ ಒಂಬತ್ತು ಕಿಲೋ ಹೆಚ್ಚಿನವಳು.

ನಾವು ಕಂಪ್ಲಿಯ ಅಕ್ಕಿ ಮಿಲ್ಲಿನ ಮಕ್ಕಳು, ಅಪ್ಪನ ಮಿಲ್ಲನ್ನು ಈಗ ತಮ್ಮ ನಡೆಸುತ್ತಾನೆ. ನಮ್ಮ ಕಡೆ ಭತ್ತದ ಒಂದು ಚೀಲ ಎಂದರೆ ಎಪ್ಪತ್ತೈದು ಕಿಲೋ. ಡಾಕ್ಟರ ಕೋಣೆಯಿಂದ ಹೊರಗೆ ಬಂದವಳೇ ತಂಗಿ, "ಯಕ್ಕಾ, ನೀ ಈಗ ಒಂದು ಚೀಲ ಭತ್ತ ಆಗಬೇಕು ನೋಡು. ಚೀಲದ ಬಾಯಿ ಬಿಚ್ಚಿ ಒಂಬತ್ತು ಕಿಲೋ ತಗದು ಹೊಲದ್ರ ಆತು," ಎಂದಳು. ಆ ಉದ್ದನೆಯ ವರಾಂಡದಲ್ಲಿ ಅವಳು ನಕ್ಕಳು, ನಾನು ಅತ್ತೆ. ಸಾಯುವ ಭಯದಲ್ಲಿದ್ದವಳು ಅವಳು, ಸಮಾಧಾನ ಬೇಕಾದದ್ದು ನನಗೆ.

ಮೊದಲ ಮೂರು ವಾರ ಹಂಪಿಗೆ ಹೋದೆ. ಬೆಳಗಿನ ಮೊದಲ ಬಸ್ಸು ಹಿಡಿದು, ಮಾತಂಗ ಬೆಟ್ಟದ ಮೆಟ್ಟಿಲು ಹತ್ತಿ ಇಳಿದು, ಮನೆಗೆ ಬಂದು ಸ್ನಾನ ಮಾಡಿ, ಹೈಸ್ಕೂಲಿಗೆ ಓಡುತ್ತಿದ್ದೆ. ನಾನು ಗಣಿತದ ಟೀಚರು. ದಿನಕ್ಕೆ ಇಷ್ಟು ಮೆಟ್ಟಿಲಾದರೆ ತಿಂಗಳಿಗೆ ಇಷ್ಟು ಕಿಲೋ ಎಂದು ಹಾಳೆಯ ಮೇಲೆ ಲೆಕ್ಕ ಹಾಕಿ ಗೋಡೆಗೆ ಅಂಟಿಸಿದ್ದೆ. ಲೆಕ್ಕ ಸರಿಯಾಗಿಯೇ ಇತ್ತು, ಮೊಣಕಾಲು ಸರಿ ಇರಲಿಲ್ಲ. ಮೂರನೇ ವಾರಕ್ಕೆ ಎಡ ಮೊಣಕಾಲು ಬೂದುಗುಂಬಳದ ಹಾಗೆ ಊದಿಕೊಂಡಿತು. ಎಲುಬಿನ ಡಾಕ್ಟರು ನೋಡಿ, "ಮೇಡಮ್ಮೋರ, ಬೆಟ್ಟ ಬಂದ್, ರೋಡಿನ ಮ್ಯಾಗ ನಡಿಯೂದೂ ಬಂದ್. ಮನ್ಯಾಗ ಏನರ ಮಶೀನ್ ಇಟ್ಕೊಂಡು ಮಾಡ್ರಿ," ಎಂದರು. ಇಪ್ಪತ್ತೊಂದು ದಿನ ಹೋಗಿಬಿಟ್ಟಿತ್ತು. ನನಗೆ ಅವರ ಮೇಲೂ, ಬೆಟ್ಟದ ಮೇಲೂ, ನನ್ನ ಕಾಲಿನ ಮೇಲೂ ಒಟ್ಟಿಗೇ ಸಿಟ್ಟು ಬಂತು.

ಹೀಗೆ ನಮ್ಮ ಮನೆಯ ನಡುಮನೆಯಲ್ಲಿ ಜಿಮ್ ಮಾಡುವ ಮಾತು ಶುರುವಾಯಿತು. ಗಂಡ ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವರು. ಅವರಿಗೆ ಯಂತ್ರವೆಂದರೆ ಭಕ್ತಿ. ಯಾವ ಮಶೀನು ಎಷ್ಟು ವರ್ಷ ಬಾಳುತ್ತದೆ, ಮೋಟಾರು ಎಷ್ಟು ಕುದುರೆ ಬಲದ್ದು, ಬೇರಿಂಗು ಎಲ್ಲಿ ಸಿಗುತ್ತದೆ ಎಂದು ಕೇಳುತ್ತ ಅವರು ಒಂದು ವಾರ ಕಳೆಯುವವರಿದ್ದರು. "ಅದು ಹತ್ತು ವರ್ಷ ಬಾಳೂದು ಬ್ಯಾಡ್ರಿ, ಎರಡು ತಿಂಗಳು ಬಾಳಿದ್ರ ಸಾಕು," ಎಂದು ನಾನು ರೇಗಿ, ಒಬ್ಬಳೇ ಅಂಗಡಿಗೆ ಹೋದೆ.

ಅಂಗಡಿಯವನು ಮೊದಲು ತೋರಿಸಿದ್ದು ಒಂದು ನಡುಗುವ ಹಲಗೆ. "ಇದರ ಮ್ಯಾಲೆ ಸುಮ್ನ ನಿಂತ್ರ ಸಾಕ್ರಿ ಮೇಡಂ. ಅದ ನಡಗಸ್ತೈತಿ, ಕೊಬ್ಬು ತಾನ ಉದುರತೈತಿ," ಎಂದ. ಜರಡಿಯಾಡಿಸಿ ಹಿಟ್ಟು ಉದುರಿಸಿದ ಹಾಗೆ ಕೊಬ್ಬು ಉದುರುವುದಾಗಿದ್ದರೆ ಸಂಡೂರಿನ ರಸ್ತೆಯಲ್ಲಿ ಬಸ್ಸಿನಲ್ಲಿ ಓಡಾಡುವವರೆಲ್ಲ ಕಡ್ಡಿಯಾಗಿರಬೇಕಿತ್ತು ಎಂದೆ. ಅವನು ನಗಲಿಲ್ಲ. ಆಮೇಲೆ ಕಬ್ಬಿಣದ ಮಂಚದಂಥ ಮಲ್ಟಿಜಿಮ್ ತೋರಿಸಿದ, ಅದು ತೋಳು ಬೆಳೆಸುವವರಿಗೆ. ನಿಂತು ತುಳಿಯುವ ಕ್ರಾಸ್ ಟ್ರೇನರ್ ಹತ್ತಿದರೆ ನನ್ನ ತಲೆ ನಮ್ಮ ಮನೆಯ ಫ್ಯಾನಿಗೆ ತಾಗುತ್ತಿತ್ತು. ಟ್ರೆಡ್‌ಮಿಲ್ ಚೆನ್ನಾಗಿತ್ತು, ಆದರೆ ಅದರ ಬೆಲೆ ಕೇಳಿ ಮುಂದಕ್ಕೆ ನಡೆದೆ, ಆಪರೇಷನ್ನಿಗೆ ಎಲ್ಲರೂ ಸೇರಿ ಕೂಡಿಡುತ್ತಿದ್ದ ಕಾಲ ಅದು. ಒಂದೊಂದರ ಮುಂದೆಯೂ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಮೊಣಕಾಲಿಗೆ ಪೆಟ್ಟಾಗದೆ ಎರಡು ತಿಂಗಳಲ್ಲಿ ನನ್ನನ್ನು ಯಾವುದು ಇಳಿಸುತ್ತದೆ? ಅವನು ಎಲ್ಲದಕ್ಕೂ, "ಇದ ಇಳಸ್ತೈತ್ರಿ," ಎನ್ನುತ್ತಿದ್ದ.

ತಂಗಿಯೇ ಒಂದು ದಾರಿ ಹೇಳಿದಳು. ಸಂಡೂರಿನಲ್ಲಿ ಅವರ ಓಣಿಯ ತುದಿಗೆ ಒಂದು ದೊಡ್ಡ ಮನೆ. ಅದಿರಿನ ಲಾರಿಗಳಿಂದ ದುಡ್ಡು ಹರಿದುಬಂದ ಕಾಲದಲ್ಲಿ ಅಂಥ ಮನೆಗಳವರೆಲ್ಲ ಟ್ರೆಡ್‌ಮಿಲ್ ಕೊಂಡಿದ್ದರಂತೆ. ಈಗ ಒಂದು ಮಾರಲಿಕ್ಕಿದೆ ಎಂದಳು. ಭಾನುವಾರ ಇಬ್ಬರೂ ಹೋದೆವು. ಟ್ರೆಡ್‌ಮಿಲ್ಲಿನ ಹಿಡಿಕೆಗಳ ಮೇಲೆ ಒಗೆದ ಲುಂಗಿ, ಟವೆಲ್ಲು ಒಣಗುತ್ತಿದ್ದವು. "ಇದರ ಮ್ಯಾಲೆ ಒಬ್ರೂ ಕಾಲಿಟ್ಟಿಲ್ರಿ, ಹೊಸಾದ ಐತಿ," ಎಂದು ಆ ಮನೆಯಾಕೆ ಬಟ್ಟೆ ಸರಿಸಿ ಸ್ವಿಚ್ಚು ಹಾಕಿದರು. ಪಟ್ಟಿ ಒಂದು ಸುತ್ತು ತಿರುಗಿತು, ಅಡಿಯಿಂದ ಬುಸ್ಸೆಂದು ಕೆಂಪು ಧೂಳು ಎದ್ದಿತು, ಸುಟ್ಟ ವಾಸನೆ ಬಂತು, ಇಡೀ ಮನೆಯ ಕರೆಂಟು ಹೋಯಿತು. ಇಷ್ಟು ವರ್ಷದ ಅದಿರಿನ ಪುಡಿ ಮೋಟಾರಿನ ಹೊಟ್ಟೆಯಲ್ಲಿ ತುಂಬಿಕೊಂಡಿತ್ತು. ಹಿಂದಿರುಗುವಾಗ ತಂಗಿ ಕೆಮ್ಮುತ್ತ ನಕ್ಕಳು, ಅರ್ಧ ದಾರಿಗೆ ಉಸಿರು ಸಾಲದೆ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಅವಳ ಊದಿದ ಪಾದದ ಮೇಲೆ ಬೆರಳಿಟ್ಟು ಒತ್ತಿದೆ. ಒತ್ತಿದ ಕುಳಿ ತುಂಬಲು ಬಹಳ ಹೊತ್ತು ತೆಗೆದುಕೊಂಡಿತು.

ಮರುದಿನವೇ ಹೊಸಪೇಟೆಯ ಅಂಗಡಿಗೆ ಹೋಗಿ, ಬೆನ್ನಿಗೆ ಒರಗು ಇರುವ, ಕಾಲು ಮುಂದಕ್ಕೆ ಚಾಚಿ ತುಳಿಯುವ ಸೈಕಲ್ ತಂದೆ. ಮೊಣಕಾಲಿಗೆ ಭಾರ ಬೀಳದ್ದು ಅದೊಂದೇ ಆಗಿತ್ತು. ಅದನ್ನು ತಂಗಿ ಮಲಗುವ ಮಂಚದ ಎದುರು ಹಾಕಿಸಿದೆ. ಅವಳು ಒಂದು ಸಲ ಕುಳಿತು ನೋಡಿ, "ನಮ್ಮ ಡಯಾಲಿಸಿಸ್ ಕುರ್ಚಿನೂ ಹಿಂಗ ಐತಿ ಯಕ್ಕಾ. ಅಲ್ಲಿ ಕಾಲು ಆಡಸಂಗಿಲ್ಲ ಅಷ್ಟ," ಎಂದಳು.

ಇನ್ನು ಉಳಿದದ್ದು ತೂಕ ನೋಡುವ ಸಾಧನ. ಬಚ್ಚಲಲ್ಲಿ ಮುಳ್ಳು ತೋರಿಸುವ ಒಂದು ಪುಟ್ಟದು ಇತ್ತು. ಕಡಪಾ ಕಲ್ಲಿನ ನೆಲದ ಮೇಲೆ ಇಲ್ಲಿಟ್ಟರೆ ಒಂದು, ಅಲ್ಲಿಟ್ಟರೆ ಇನ್ನೊಂದು ತೋರಿಸುತ್ತಿತ್ತು. "ಕುಣೀಲಾರದ ಸೂಳೆಗೆ ನೆಲ ಡೊಂಕು ಅಂದಂಗಾತು," ಎಂದು ಗಂಡ ಹಾಸ್ಯ ಮಾಡಿದ್ದಕ್ಕೆ ಅದನ್ನು ಎತ್ತಿ ಗುಜರಿಗೆ ಹಾಕಿದೆ. ಅಂಗಡಿಯಲ್ಲಿ ಗಾಜಿನದು ಸಿಗುತ್ತದೆ, ತರುತ್ತೇನೆ ಎಂದರು. ನನಗೆ ಅಭಿಮಾನ ಕೆರಳಿತು. "ಮಿಲ್ಲಿನ ಮಗಳಿಗೆ ತೂಕ ಕಲಸ್ತೀರೇನು? ನಮ್ಮ ಮನ್ಯಾಗ ಕಾಟಾ ಇಲ್ಲೇನು?" ಎಂದು ತಮ್ಮನಿಗೆ ಫೋನು ಹಚ್ಚಿದೆ. ಕಾಟಾ ಎಂದರೆ ಚೀಲ ತೂಗುವ ಯಂತ್ರ, ಕಬ್ಬಿಣದ ಚೌಕ ತಟ್ಟೆ, ಮೇಲೆ ಕೆಂಪು ಅಂಕಿಗಳ ಪೆಟ್ಟಿಗೆ. ಮಿಲ್ಲಿನಲ್ಲಿ ಅಂಥವು ಎರಡಿದ್ದವು, ಸುಗ್ಗಿ ಇನ್ನೂ ದೂರವಿತ್ತು. ತಮ್ಮ ಮರುದಿನವೇ ಟೆಂಪೋದಲ್ಲಿ ಹೇರಿಕೊಂಡು ತಾನೇ ಬಂದ. ತಟ್ಟೆಯನ್ನು ತಾನೇ ಒರೆಸಿ, ಮಟ್ಟ ನೋಡಿ ಇಟ್ಟು, "ಹತ್ತಕ್ಕಾ," ಎಂದ.

ಎಪ್ಪತ್ತೊಂಬತ್ತು. ನಾನು ಇಳಿದು ಮತ್ತೆ ಹತ್ತಿದೆ. ಎಪ್ಪತ್ತೊಂಬತ್ತೇ. ಹಂಪಿಯ ಮೂರೇ ವಾರದಲ್ಲಿ ಐದು ಕಿಲೋ! ಮೊಣಕಾಲು ಹೋದದ್ದು ಸಾರ್ಥಕ ಎನ್ನಿಸಿತು. ತಂಗಿ ಮಂಚದ ಮೇಲೆ ಎದ್ದು ಕುಳಿತು ಚಪ್ಪಾಳೆ ತಟ್ಟಿದಳು. ತಮ್ಮನೂ ತಟ್ಟಿದ. ಆ ದಿನದ ಅವನ ಮುಖವನ್ನು ನಾನು ಆಮೇಲೆ ನೂರು ಸಲ ನೆನಪಿಸಿಕೊಂಡಿದ್ದೇನೆ. ಅದರಲ್ಲಿ ಸಂತೋಷದ ಹೊರತು ಬೇರೇನೂ ಇರಲಿಲ್ಲ.

ಅಲ್ಲಿಂದ ಮುಂದೆ ನನ್ನ ದಿನಗಳೆಲ್ಲ ಆ ಸೈಕಲ್ಲಿನ ಮೇಲೆಯೇ ಹೋದವು. ಬೆಳಿಗ್ಗೆ ಒಂದು ತಾಸು, ಸ್ಕೂಲಿನಿಂದ ಬಂದು ಒಂದು ತಾಸು. ತಂಗಿ ಬಂದ ದಿನ ಅವಳು ಎದುರಿಗೆ ಮಲಗಿ ನೋಡುತ್ತಿದ್ದಳು. ಡಯಾಲಿಸಿಸ್ ಮುಗಿದ ಮೇಲೆ ಅವಳ ಮುಖ ಬೂದಿ ಬಣ್ಣಕ್ಕೆ ತಿರುಗಿರುತ್ತಿತ್ತು. ನೀರಡಿಕೆಯಾದರೂ ಒಂದು ಲೋಟ ನೀರು ಪೂರ್ತಿ ಕುಡಿಯುವಂತಿರಲಿಲ್ಲ. ನಾನು ಬೆವರಿ ಚೊಂಬುಗಟ್ಟಲೆ ನೀರು ಕುಡಿಯುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಒಂದು ದಿನ ನಾಚಿಕೆಯಾಗಿ ಅಡುಗೆಮನೆಗೆ ಹೋಗಿ ಕುಡಿದು ಬಂದೆ. "ಇಲ್ಲೇ ಕುಡಿ. ನಿನ್ನ ಗಂಟಲದಾಗ ಇಳಿಯೂದು ನೋಡಿದ್ರ ನನಗ ಕುಡದಂಗ ಆಗತೈತಿ," ಎಂದಳು.

ಕಾಟಾದ ಅಂಕಿ ಇಳಿಯುತ್ತಿತ್ತು. ಎಪ್ಪತ್ತೆಂಟು, ಎಪ್ಪತ್ತೇಳು. ಎಪ್ಪತ್ತಾರೂ ಕಾಲು ಆದ ದಿನ ಮಧ್ಯಾಹ್ನ ಅವಳನ್ನು ಕರೆತರಲು ಡಯಾಲಿಸಿಸ್ ಕೇಂದ್ರಕ್ಕೆ ಹೋಗಿದ್ದೆ. ರೋಗಿಗಳನ್ನು ತೂಗಲು ಅಲ್ಲೂ ಒಂದು ಯಂತ್ರವಿದೆ. "ಹತ್ತ ಯಕ್ಕಾ, ನಮ್ಮ ಸಿಸ್ಟರ್‌ಗೆ ತೋರಸೂಣು," ಎಂದು ತಂಗಿ ಹುರುಪಿನಿಂದ ದೂಡಿದಳು. ಹತ್ತಿದೆ. ಎಪ್ಪತ್ತೊಂಬತ್ತೂವರೆ ತೋರಿಸಿತು. ತಂಗಿಯ ಮುಖ ಸಣ್ಣದಾಯಿತು. ನಾನು ಕೂಡಲೇ, ಸೀರೆ, ಚಪ್ಪಲಿ, ಹೆಗಲಿನ ಚೀಲ, ಆಗಷ್ಟೇ ಉಂಡ ಊಟ ಎಂದೆಲ್ಲ ಪಟ್ಟಿ ಮಾಡಿ ಹೇಳಿದೆ. ದಿನಾ ಹತ್ತಾರು ಜನ ಹತ್ತಿ ಇಳಿಯುವ ಯಂತ್ರ, ಎಂದೋ ಕೆಟ್ಟಿರಬೇಕು ಎಂದೆ. "ನಮ್ಮನ್ಯಾಗಿಂದು ಮಂದಿ ತೂಗೂದಲ್ಲಮ್ಮ. ಯಾಪಾರದ ಕಾಟಾ, ಅದರಾಗ ಗ್ರಾಮ್ ಹೆಚ್ಚುಕಮ್ಮಿ ಇರಂಗಿಲ್ಲ," ಎಂದು ಸಿಸ್ಟರಿಗೂ ಒಂದು ಪಾಠ ಮಾಡಿದೆ. ಮಕ್ಕಳು ಎರಡು ಬೇರೆ ಉತ್ತರ ತಂದರೆ, ಎರಡನ್ನೂ ಮತ್ತೆ ಮಾಡಿ ನೋಡು ಎಂದು ಬೆತ್ತ ಹಿಡಿದು ಹೇಳುವವಳು ನಾನು. ಅಂದು ಮತ್ತೆ ಮಾಡಿ ನೋಡಲಿಲ್ಲ.

ದಸರೆಗೆ ಎಪ್ಪತ್ತೈದು ಮುಟ್ಟಿದೆ. ಆಯುಧಪೂಜೆಗೆ ಸೈಕಲ್ಲಿಗೂ ಕಾಟಾಕ್ಕೂ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟೆ. ಅವತ್ತು ಎರಡು ಹೋಳಿಗೆ ತಿಂದೆ, ತುಪ್ಪ ಹಾಕಿಕೊಂಡೇ ತಿಂದೆ. ಚೀಟಿಯಲ್ಲಿ ಬರೆದ ದಿನಕ್ಕೆ ಇನ್ನೂ ಹತ್ತು ದಿನವಿತ್ತು. ಸಂಜೆಯ ಸೈಕಲ್ ಬಿಟ್ಟೆ, ಬೆಳಗಿನದು ಸಾಕು ಎಂದುಕೊಂಡೆ.

ಬೆಂಗಳೂರಿಗೆ ತಂಗಿ, ಅವಳ ಗಂಡ, ನಾನು, ನನ್ನ ಗಂಡ ನಾಲ್ವರೂ ಹೋದೆವು. ಬಟ್ಟೆಬರೆ ತುಂಬಿಕೊಂಡೇ ಹೋಗಿದ್ದೆವು, ಎಲ್ಲ ಸರಿ ಇದ್ದರೆ ಅಲ್ಲೇ ಉಳಿದು ಮುಂದಿನ ಪರೀಕ್ಷೆ ಮಾಡಿಸಿಕೊಳ್ಳುವುದೆಂದು. ನರ್ಸು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಓದಿದಳು: "ಎಪ್ಪತ್ತೆಂಟು." ಚಪ್ಪಲಿ ಬಿಟ್ಟೆ, ಬಳೆ ತೆಗೆದೆ. ಎಪ್ಪತ್ತೆಂಟು. ಪಕ್ಕದ ಕೋಣೆಯ ಇನ್ನೊಂದು ಯಂತ್ರದ ಮೇಲೆ ನಿಲ್ಲಿಸಿ ಎಂದು ಜಗಳ ತೆಗೆದೆ. ಅದರಲ್ಲೂ ಅಷ್ಟೇ. ಡಾಕ್ಟರು ಬೈಯಲಿಲ್ಲ. "ಚೆನ್ನಾಗಿ ಇಳಿದಿದ್ದೀರಿ. ಇನ್ನೆರಡು ತಿಂಗಳು ಬಿಟ್ಟು ಬನ್ನಿ," ಎಂದು ದಿನ ಮುಂದಕ್ಕೆ ಹಾಕಿದರು.

ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ನಿಂತು ತಮ್ಮನಿಗೆ ಫೋನು ಮಾಡಿದೆ. ಕಾಟಾ ಮೂರು ಕಿಲೋ ಕಡಿಮೆ ತೋರಿಸುತ್ತಿದೆ, ಕೆಟ್ಟಿದೆ ಎಂದು ಕೂಗಾಡಿದೆ. 

"ಕೆಟ್ಟಿಲ್ಲಕ್ಕಾ," ಎಂದ ತಮ್ಮ. "ಅದು ಇರೂದ ಹಂಗ."

ಅವನು ವಿವರಿಸಬೇಕಾಗಿರಲಿಲ್ಲ. ರೈತರು ಭತ್ತ ತಂದಾಗ ಚೀಲಕ್ಕೆ ಮೂರು ಕಿಲೋ ಕಡಿಮೆ ತೋರಿಸುವ ಹಾಗೆ ಅದನ್ನು ಮಿಲ್ಲಿನಲ್ಲಿ ಹೊಂದಿಸಿಟ್ಟಿದ್ದರು. ಎಪ್ಪತ್ತೆಂಟು ತಂದವನಿಗೆ ಎಪ್ಪತ್ತೈದು. ಕೇಳಿದರೆ ತೇವ, ಧೂಳು, ಜೊಳ್ಳು ಎನ್ನುವುದು. ಅಪ್ಪನ ಕಾಲದಲ್ಲಿ ತೂಗುಕಲ್ಲಿನ ತಕ್ಕಡಿ ಇದ್ದಾಗ ಬೇರೆ ಉಪಾಯವಿತ್ತು, ಅದನ್ನು ನಾನು ಚಿಕ್ಕವಳಿದ್ದಾಗ ಕಣ್ಣಾರೆ ಕಂಡಿದ್ದೆ. ಅಂದರೆ ನನಗೂ ಗೊತ್ತಿತ್ತು. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. "ಮತ್ತ ನನಗ ಯಾಕ ಹೇಳಲಿಲ್ಲಲೇ ಪಾಪಿ?" ಎಂದು ಚೀರಿದೆ.

"ನನ್ನ ತಲ್ಯಾಗ ಬರಲೇ ಇಲ್ಲಕ್ಕಾ," ಎಂದು ಅವನು ಅತ್ತುಬಿಟ್ಟ. "ನಿನ್ನಾಣಿ ಬರಲಿಲ್ಲ. ಇಷ್ಟು ವರ್ಸ ಅದ ಖರೇ ತೂಕ ಅಂತ ನೋಡಿ ನೋಡಿ..."

ನಾನು ಅವನನ್ನು ನಂಬುತ್ತೇನೆ. ಆ ತಟ್ಟೆಯ ಮೇಲೆ ಒಂದು ದಿನ ನಮ್ಮವರೇ ನಿಲ್ಲಬೇಕಾದೀತು ಎಂದು ನಮ್ಮಲ್ಲಿ ಯಾರಿಗೂ ಎಂದೂ ಅನ್ನಿಸಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಮಾಡಿದವರು ನಾವು, ಉಣ್ಣುತ್ತಿದ್ದವಳು ತಂಗಿ.

ಬಸ್ಸಿನಲ್ಲಿ ಅವಳಿಗೆ ಎಲ್ಲ ಹೇಳಿದೆ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಚಿತ್ರದುರ್ಗ ದಾಟಿದ ಮೇಲೆ, "ಎಷ್ಟು ಮಂದಿ ಜಗಳಾಡಿ ಹೋಗಿದ್ರು ಯಕ್ಕಾ ನಮ್ಮ ಮಿಲ್ಲಿನ ಮುಂದ. 'ಮನ್ಯಾಗ ತೂಗಿ ತಂದೀನ್ರಿ' ಅಂತಿದ್ರು. ಸುಳ್ಳು ಹೇಳ್ತಾರ ಅಂತ ನಾನೂ ನಗತಿದ್ದೆ," ಎಂದಳು. ಅಷ್ಟೇ. ಆಮೇಲೆ ನನ್ನ ಹೆಗಲ ಮೇಲೆ ತಲೆಯಿಟ್ಟು ಮಲಗಿದಳು.

ತಮ್ಮ ಬಂದು ಕಾಟಾ ಒಯ್ದ. ಸರಿ ಮಾಡಿಸಿದೆ ಎಂದು ಹೇಳಿದ, ನಾನು ವಿಚಾರಿಸಲು ಹೋಗಲಿಲ್ಲ. ಗಾಜಿನ ಯಂತ್ರ ಬಂತು. ಆ ಎರಡು ತಿಂಗಳು ನಾನು ಹುಚ್ಚಿಯ ಹಾಗೆ ತುಳಿದೆ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ತುಳಿದೆ, ಜ್ವರ ಬಂದಾಗಲೂ ತುಳಿದೆ. ರೊಟ್ಟಿ ಒಂದಕ್ಕೆ ಇಳಿಸಿದೆ, ಅನ್ನ ಬಿಟ್ಟೆ. ಆರನೇ ವಾರದಲ್ಲಿ ಎಪ್ಪತ್ತೈದರ ಕೆಳಗೆ ಬಂದೆ, ಡಯಾಲಿಸಿಸ್ ಕೇಂದ್ರದ ಯಂತ್ರವೂ ಅದನ್ನೇ ಹೇಳಿತು. ಅದೇ ವಾರ ತಂಗಿಗೆ ಚಳಿಜ್ವರ ಬಂತು. ಸೋಂಕು ರಕ್ತಕ್ಕೆ ಇಳಿದು, ರಕ್ತದಿಂದ ಹೃದಯಕ್ಕೆ ಹೋಯಿತು. ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದಳು. ಆದರೆ ಅವಳ ಹೃದಯ ಈಗ ದೊಡ್ಡ ಆಪರೇಷನ್ ತಡೆಯುವಂತಿಲ್ಲ. "ನೀವು ಈಗ ತಯಾರಿದ್ದೀರಿ. ಅವರು ಇಲ್ಲ. ಸದ್ಯಕ್ಕೆ ಡಯಾಲಿಸಿಸ್ಸೇ ಮುಂದುವರಿಯಲಿ, ಆಮೇಲೆ ನೋಡೋಣ," ಎಂದು ಡಾಕ್ಟರು ಮೊದಲ ಸಲ ನನ್ನ ಮುಖ ನೋಡಿ ಹೇಳಿದರು.

ಆಮೇಲೆ ಎಂದರೆ ಯಾವಾಗ ಎಂದು ಅವರು ಹೇಳಲಿಲ್ಲ. ಅವಳು ಈಗಲೂ ವಾರಕ್ಕೆ ಮೂರು ಸಲ ಬರುತ್ತಾಳೆ, ನಮ್ಮ ಮಂಚದ ಮೇಲೆ ಮಲಗುತ್ತಾಳೆ. ನಾನು ಎಪ್ಪತ್ನಾಲ್ಕರಲ್ಲೇ ಇದ್ದೇನೆ, ದಿನಾ ತುಳಿಯುತ್ತೇನೆ. ಕರೆ ಬಂದ ದಿನ ನಾನು ಹೆಚ್ಚಿರಬಾರದು.

ಕಾಟಾದ ಮೋಸ ಹೇಳಿದೆ. ಇನ್ನೊಂದು ಮಾತನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಬೆಂಗಳೂರಿನಲ್ಲಿ ಆ ನರ್ಸು ಎಪ್ಪತ್ತೆಂಟು ಎಂದಾಗ ಮೊದಲು ಬಂದದ್ದು ಸಿಟ್ಟಲ್ಲ, ದುಃಖವೂ ಅಲ್ಲ. ಹೊಟ್ಟೆಯ ಎಡಭಾಗದಲ್ಲಿ ಮೂರು ತಿಂಗಳಿಂದ ಬಿಗಿಹಿಡಿದಿದ್ದದ್ದೇನೋ ಸಡಿಲಾಯಿತು. ಸದ್ಯಕ್ಕೆ ಕೊಯ್ಯುವುದಿಲ್ಲ, ನಾನು ಹೀಗೇ ಇಡಿಯಾಗಿ ಮನೆಗೆ ಹೋಗಬಹುದು ಎಂದು ಮೈಯೆಲ್ಲ ಹಗುರವಾಯಿತು. ಒಂದೇ ಒಂದು ಉಸಿರಿನಷ್ಟು ಹೊತ್ತು. ಮರುಕ್ಷಣವೇ ಬಳೆ ತೆಗೆದೆ, ಚಪ್ಪಲಿ ಬಿಟ್ಟೆ, ಜಗಳಕ್ಕೆ ನಿಂತೆ. ಆದರೆ ಆ ಉಸಿರನ್ನು ಎಳೆದವಳು ನಾನೇ.

ಮೊನ್ನೆ ಸಂಜೆ ಸೈಕಲ್ ತುಳಿಯುತ್ತಿದ್ದಾಗ ತಂಗಿ ಮಂಚದಿಂದ, "ಸಾಕು ಇಳಿ ಯಕ್ಕಾ. ನನ್ನ ಸಲುವಾಗಿ ನೀನು ಪಟ್ಟ ಕಷ್ಟ ಹಡದಾಕೀನೂ ಪಡೂದಿಲ್ಲ. ನಿನಗ ಒಂದು ದಿನಾನೂ ಅಂಜಿಕಿ ಆಗಲಿಲ್ಲೇನ?" ಎಂದು ಕೇಳಿದಳು. ನಾನು ತುಳಿಯುತ್ತಲೇ ಇದ್ದೆ. ಏದುಸಿರು ಬಂದವಳಿಗೆ ಉತ್ತರ ಕೊಡಲಾಗುವುದಿಲ್ಲ ಎಂದು ಅವಳು ತಿಳಿಯಲಿ ಎಂದು ಇನ್ನೂ ಜೋರಾಗಿ ತುಳಿದೆ.